ಗಾಳಿ ಎಷ್ಟು ತಳ್ಳುತ್ತದೆ, ಎಷ್ಟು ಸೆಕೆಂಡ್ ಬಿಟ್ಟು ಜಿಗಿಯಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದವನೊಬ್ಬ ವಿಮಾನದಿಂದ ಜಿಗಿಯುತ್ತಾನೆ ಅಂದರೆ ಜನ ಮೊದಲು ಕೇಳುವುದು "ಭಯ ಆಗಲ್ವಾ?" ಅಂತ. ಆಗುತ್ತದೆ, ಮುಗೀತು. ಅದರ ನಂತರ ಬರುವ ಪ್ರಶ್ನೆಗಳು ನಿಜಕ್ಕೂ ಚೆನ್ನಾಗಿರುತ್ತವೆ: ಅಷ್ಟು ಮೇಲಿಂದ ಬಿದ್ದು ಅದೇ ಬಯಲಿಗೆ ಹೇಗೆ ಬಂದಿಳಿಯುತ್ತೀರಿ, ಹತ್ತು ಜನ ಒಟ್ಟಿಗೆ ಜಿಗಿದರೆ ಡಿಕ್ಕಿ ಆಗಲ್ವಾ, ಇತ್ಯಾದಿ. ಪ್ರತಿ ಸಲ ಚಹಾ ಅಂಗಡಿಯಲ್ಲಿ ಟಿಶ್ಯೂ ಪೇಪರ್ ಮೇಲೆ ಚಿತ್ರ ಬರೆದು ಹೇಳಿ ಸಾಕಾಗಿ, ಈಗ ಒಂದೇ ಕಡೆ ಬರೆದಿದ್ದೇನೆ.

ನಾನು ಜಿಗಿಯುವುದು ಊರಿಂದ ಬಹಳ ದೂರ. ಆದರೆ ಲೆಕ್ಕ ಕಲಿತದ್ದು ದುರ್ಗದ ನಕ್ಷೆ ಇಟ್ಟುಕೊಂಡೇ, ಯಾಕಂದರೆ ಇಲ್ಲಿನ ಗಾಳಿ ನನಗೆ ಚಿಕ್ಕಂದಿನಿಂದ ಗೊತ್ತು. ಇದು ಲೆಕ್ಕ ಅರ್ಥ ಆಗಲಿ ಅಂತ ಬರೆದದ್ದು. ನಿಮ್ಮ ತರಬೇತುದಾರರು ಬೇರೆ ಹೇಳಿದರೆ ಅವರ ಮಾತೇ ಕೇಳಿ.

ಇಳಿಯುವ ಜಾಗದ ನೇರ ಮೇಲೆ ಹೋಗಿ ಜಿಗಿದರೆ ಆಗಲ್ವಾ?

ಹರಿಹರದಲ್ಲಿ ತುಂಗಭದ್ರೆ ತುಂಬಿ ಹರಿಯುವಾಗ ಹರಿಗೋಲಿನವನು ಎದುರಿನ ದಡ ಮುಟ್ಟಲು ಏನು ಮಾಡುತ್ತಾನೆ ನೆನಪಿಸಿಕೊಳ್ಳಿ. ತಾನು ಸೇರಬೇಕಾದ ಜಾಗಕ್ಕೆ ನೇರ ಎದುರಿಂದ ಹೊರಡುವುದಿಲ್ಲ. ಹೊಳೆಯ ಮೇಲ್ಭಾಗಕ್ಕೆ ಒಂದಷ್ಟು ನಡೆದು ಹೋಗಿ ಅಲ್ಲಿಂದ ಹೊರಡುತ್ತಾನೆ, ನೀರು ತಳ್ಳಿಕೊಂಡು ಬಂದು ಸರಿಯಾದ ಜಾಗಕ್ಕೆ ಬಿಡುತ್ತದೆ. ನಮ್ಮದೂ ಅದೇ. ಗಾಳಿ ಎಲ್ಲಿಂದ ಬರುತ್ತಿದೆಯೋ ಆ ಕಡೆಗೆ ಸರಿದು ಜಿಗಿಯಬೇಕು. ಎಷ್ಟು ಸರಿಯಬೇಕು ಅನ್ನುವುದೇ ಎಲ್ಲಾ ಲೆಕ್ಕ.

ಆ "ಎಷ್ಟು" ಅನ್ನುವುದನ್ನು ಹೇಗೆ ಲೆಕ್ಕ ಹಾಕೋದು?

ಗಾಳಿಯ ವೇಗ ಗುಣಿಸು ಸಮಯ. ಅಷ್ಟೇ, ನಿಜವಾಗ್ಲೂ.

ಹವಾಮಾನದವರು ಮತ್ತು ಪೈಲಟ್‌ಗಳು ಗಾಳಿಯನ್ನು ನಾಟ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಮೀ, ಸೆಕೆಂಡಿಗೆ ಅರ್ಧ ಮೀಟರಿಗಿಂತ ಕೂದಲೆಳೆ ಜಾಸ್ತಿ. ಹಾಗಾಗಿ ಸುಲಭದ ದಾರಿ: ನಾಟ್ ಅನ್ನು ಅರ್ಧ ಮಾಡಿ, ಸೆಕೆಂಡಿನಿಂದ ಗುಣಿಸಿ, ಮೀಟರ್ ಸಿಗುತ್ತದೆ. 20 ನಾಟ್ ಗಾಳಿಯಲ್ಲಿ 55 ಸೆಕೆಂಡ್ ಬಿದ್ದರೆ 10 ಗುಣಿಸು 55, ಅಂದರೆ 550 ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ.

ಸಮಯ ಹೀಗೆ. ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ಮೊದಲ ಸಾವಿರ ಅಡಿಗೆ ಸುಮಾರು 10 ಸೆಕೆಂಡ್ ಬೇಕು, ಆಮೇಲೆ ವೇಗ ಗಂಟೆಗೆ 190 ಕಿಮೀ ಆಸುಪಾಸಿನಲ್ಲಿ ನಿಂತುಬಿಡುತ್ತದೆ, ಪ್ರತಿ ಸಾವಿರ ಅಡಿಗೆ ಐದೂವರೆ ಸೆಕೆಂಡ್. 12,000 ಅಡಿಯಿಂದ ಜಿಗಿದು 3,000 ಅಡಿಯಲ್ಲಿ ಪ್ಯಾರಾಚೂಟ್ ಬಿಚ್ಚಿದರೆ ಒಟ್ಟು 55 ಸೆಕೆಂಡ್ ಇಟ್ಟುಕೊಳ್ಳಿ. ಪ್ಯಾರಾಚೂಟ್ ಬಿಚ್ಚಿದ ಮೇಲೆ ನಿಮಿಷಕ್ಕೆ ಸುಮಾರು ಸಾವಿರ ಅಡಿ ಇಳಿಯುತ್ತೇವೆ, ಅಂದರೆ ಇನ್ನೂ 3 ನಿಮಿಷ. ಇಲ್ಲಿ ಹೊಸಬರು ಎಡವುತ್ತಾರೆ. ಬೀಳುವುದು ಒಂದೇ ನಿಮಿಷ, ತೇಲುವುದು ಮೂರು ನಿಮಿಷ. ಮೇಲಿನ ಗಾಳಿ ನೋಡಿ ಹೆದರುತ್ತಾರೆ, ಕೆಳಗಿನ ಗಾಳಿಯನ್ನು ಕೇಳುವುದೇ ಇಲ್ಲ.

ದಪ್ಪ ಇರುವವರನ್ನು ಗಾಳಿ ಕಡಿಮೆ ತಳ್ಳುತ್ತದಾ?

ತಳ್ಳುವ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಜಿಗಿದು ಸ್ವಲ್ಪ ಹೊತ್ತಿಗೆಲ್ಲ ಯಾರೇ ಆದರೂ ಸುತ್ತಲಿನ ಗಾಳಿಯ ಜೊತೆಗೇ ಸಾಗುತ್ತಿರುತ್ತಾರೆ. ಆದರೆ ಭಾರ ಇದ್ದವರು ಬೇಗ ಬೀಳುತ್ತಾರೆ, ಗಾಳಿಯ ಕೈಗೆ ಕಡಿಮೆ ಹೊತ್ತು ಸಿಗುತ್ತಾರೆ, ಅದಕ್ಕೇ ಕಡಿಮೆ ದೂರ ಹೋಗುತ್ತಾರೆ.

ವಿಮಾನದ ವೇಗ ನಮ್ಮನ್ನು ಮುಂದಕ್ಕೆ ಎಸೆಯಲ್ವಾ?

ಎಸೆಯುತ್ತದೆ. ಓಡುತ್ತಿರುವ ಬಸ್ಸಿಂದ ಇಳಿದವನು ಹೇಗೆ ನಾಲ್ಕು ಹೆಜ್ಜೆ ಓಡಿಯೇ ನಿಲ್ಲುತ್ತಾನೋ ಹಾಗೆ. ಮೊದಲ ಹತ್ತು ಸೆಕೆಂಡಿನಲ್ಲಿ ಸುಮಾರು 250 ಮೀಟರ್ ವಿಮಾನ ಹೋಗುವ ದಿಕ್ಕಿಗೇ ಹೋಗುತ್ತೇವೆ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಹೋಗುವುದರಿಂದ ಈ ದೂರವನ್ನು ಗಾಳಿ ತಳ್ಳಿದ ದೂರದಿಂದ ಕಳೆಯಬೇಕು.

ಮೇಲಿನ ಗಾಳಿ ಎಷ್ಟಿದೆ ಅಂತ ಎಲ್ಲಿ ನೋಡೋದು?

ವಿಂಡಿ ತರಹದ ಯಾವುದಾದರೂ ಹವಾಮಾನ ಆಪ್‌ನಲ್ಲಿ ಎತ್ತರ ಬದಲಾಯಿಸಿ ನೋಡಬಹುದು. ಆದರೆ ಒಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಅಲ್ಲಿ ಕೊಡುವ ಎತ್ತರ ಸಮುದ್ರ ಮಟ್ಟದಿಂದ. ನಮ್ಮ ಅಲ್ಟಿಮೀಟರ್ ತೋರಿಸುವುದು ನಾವು ನಿಂತ ನೆಲದಿಂದ. ಸಮುದ್ರದ ಪಕ್ಕ ಜಿಗಿಯುವವರಿಗೆ ಎರಡೂ ಒಂದೇ, ತಲೆನೋವಿಲ್ಲ. ಚಿತ್ರದುರ್ಗ ಸಮುದ್ರ ಮಟ್ಟದಿಂದ ಸುಮಾರು 730 ಮೀಟರ್ ಮೇಲಿದೆ, ಅಂದರೆ 2,400 ಅಡಿ. ದಾವಣಗೆರೆ ಸುಮಾರು 600 ಮೀಟರ್. ದುರ್ಗದ ನೆಲದಿಂದ 12,000 ಅಡಿ ಬೇಕಾದರೆ ಆಪ್‌ನಲ್ಲಿ 14,400 ಅಡಿಯ ಗಾಳಿ ನೋಡಬೇಕು.

ಆಪ್‌ಗಳು ಎತ್ತರವನ್ನು ಹೆಕ್ಟೊಪಾಸ್ಕಲ್‌ನಲ್ಲೂ ಕೊಡುತ್ತವೆ, ಅದು ಗಾಳಿಯ ಒತ್ತಡದ ಅಳತೆ. 850 ಅಂದರೆ ಸಮುದ್ರ ಮಟ್ಟದಿಂದ ಸುಮಾರು 1.5 ಕಿಮೀ, 700 ಅಂದರೆ 3.1 ಕಿಮೀ, 600 ಅಂದರೆ 4.4 ಕಿಮೀ. ದುರ್ಗದವರಿಗೆ ಇದು ಅನುಕೂಲಕ್ಕೆ ಹೇಳಿ ಮಾಡಿಸಿದ ಹಾಗಿದೆ. 730 ಮೀಟರ್ ಕಳೆದು ನೋಡಿ: 600ರ ಗಾಳಿ ಅಂದರೆ ನಾವು ಜಿಗಿಯುವ 12,000 ಅಡಿ, 700ರದ್ದು ಬೀಳುವ ನಡುದಾರಿ, 850ರದ್ದು ಸುಮಾರು 2,500 ಅಡಿ, ಅಂದರೆ ಪ್ಯಾರಾಚೂಟ್ ಬಿಚ್ಚಿ ಉಸಿರು ಬಿಡುವ ಎತ್ತರ. ಜೊತೆಗೆ ನೆಲದ ಗಾಳಿ. ನಾಲ್ಕು ಅಂಕಿ ಸಾಕು.

ಮೇಲೆ ಹೋದಂತೆ ಗಾಳಿ ಜಾಸ್ತಿ ಆಗುತ್ತದೆ ಅಲ್ವಾ?

ಹೊರದೇಶದ ಪಾಠಗಳಲ್ಲಿ ಹೆಚ್ಚಾಗಿ ಹಾಗೇ ಹೇಳಿಕೊಡುತ್ತಾರೆ. ಅವರ ಊರಿಗೆ ಸರಿ. ನಮ್ಮ ಮುಂಗಾರಿಗೆ ಅದು ಹೊಂದುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದಿಂದ ಪಶ್ಚಿಮದ ಗಾಳಿ ನುಗ್ಗುತ್ತದೆ. ಅದರ ಬಲವೆಲ್ಲ ಇರುವುದು ತಳದ ಪದರದಲ್ಲಿ, ಸಮುದ್ರ ಮಟ್ಟದಿಂದ ಸುಮಾರು ಒಂದೂವರೆ ಕಿಮೀ ಎತ್ತರದಲ್ಲಿ, ಜುಲೈನಲ್ಲಿ ಅತಿ ಜಾಸ್ತಿ. ಅಲ್ಲಿಂದ ಮೇಲೆ ಹೋದಂತೆ ಅದು ಸೊರಗುತ್ತದೆ. ಈಗ ಹಿಂದಿನ ಉತ್ತರ ಜ್ಞಾಪಿಸಿಕೊಳ್ಳಿ. ಒಂದೂವರೆ ಕಿಮೀ ಅಂದರೆ ದುರ್ಗದ ನೆಲದಿಂದ 2,500 ಅಡಿ. ಅಂದರೆ ಮುಂಗಾರಿನ ಗಾಳಿ ಅತಿ ಜೋರಾಗಿರುವ ಪದರಕ್ಕೆ ಸರಿಯಾಗಿ ನಾವು ಪ್ಯಾರಾಚೂಟ್ ಬಿಚ್ಚುತ್ತೇವೆ, ಅದೂ ಮೂರು ನಿಮಿಷ ಅದರಲ್ಲೇ ತೇಲುತ್ತಾ ಇಳಿಯಲು! ಆ ಪದರದಲ್ಲಿ 30 ನಾಟ್ ಇದ್ದರೆ ಸೆಕೆಂಡಿಗೆ 15 ಮೀಟರ್. ಸಾಮಾನ್ಯ ಪ್ಯಾರಾಚೂಟ್ ಮುಂದಕ್ಕೆ ಹೋಗುವುದು ಸೆಕೆಂಡಿಗೆ ಸುಮಾರು 10 ಮೀಟರ್. ಗಾಳಿಗೆ ಮುಖ ಮಾಡಿ ನಿಂತರೂ ಹಿಂದಕ್ಕೇ ಹೋಗುತ್ತಿರುತ್ತೀರಿ. ದುರ್ಗದ ಸುತ್ತ ಗುಡ್ಡಗಳ ಮೇಲೆ ಅಷ್ಟು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ.

ವಿದ್ಯಾರ್ಥಿಗಳಿಗೆ ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮ ನೆಲದ ಗಾಳಿ ಗಂಟೆಗೆ 14 ಮೈಲಿ ದಾಟಬಾರದು ಅನ್ನುತ್ತದೆ, ಅಂದರೆ 12 ನಾಟ್. ಒಳ್ಳೆಯ ನಿಯಮ. ಆದರೆ ನೆಲದಲ್ಲಿ 10 ನಾಟ್ ಇದೆ ಅಂತ ಸಮಾಧಾನ ಮಾಡಿಕೊಂಡು 850ರ ಗಾಳಿ ನೋಡದೆ ಹತ್ತಿದರೆ ಆ ನಿಯಮ ನಿಮ್ಮನ್ನು ಕಾಪಾಡುವುದಿಲ್ಲ.

ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸಿ.

ಸರಿ. ಅಂಕಿಗಳು ನಾನೇ ಇಟ್ಟವು, ಯಾವುದೋ ಒಂದು ದಿನದ್ದಲ್ಲ. ಊರ ಹೊರಗೆ ಒಂದು ಬಯಲು ನಮ್ಮ ಗುರಿ. ಎಲ್ಲಾ ಎತ್ತರದಲ್ಲೂ ಪಶ್ಚಿಮದ ಗಾಳಿ: 12,000 ಅಡಿಯಲ್ಲಿ 24 ನಾಟ್, ನಡುವೆ 20, 3,000 ಅಡಿಯಲ್ಲಿ 16, ನೆಲದಲ್ಲಿ 8.

ಬೀಳುವಾಗ ಸರಾಸರಿ 20 ನಾಟ್, 55 ಸೆಕೆಂಡ್, 550 ಮೀಟರ್ ಪೂರ್ವಕ್ಕೆ. ವಿಮಾನ ಪಶ್ಚಿಮಕ್ಕೆ ಹೋಗುತ್ತಿದೆ, ಅದು ಎಸೆದದ್ದು 250 ಮೀಟರ್ ಪಶ್ಚಿಮಕ್ಕೆ. ಕಳೆದರೆ 300 ಮೀಟರ್ ಪೂರ್ವಕ್ಕೆ. ಅಂದರೆ ಪ್ಯಾರಾಚೂಟ್ ಬಿಚ್ಚುವ ಜಾಗ, ಜಿಗಿದ ಜಾಗಕ್ಕಿಂತ 300 ಮೀಟರ್ ಪೂರ್ವದಲ್ಲಿರುತ್ತದೆ.

ಇನ್ನು ತೇಲುವುದು. 16 ಮತ್ತು 8ರ ಸರಾಸರಿ 12 ನಾಟ್, ಸೆಕೆಂಡಿಗೆ 6 ಮೀಟರ್, 180 ಸೆಕೆಂಡ್. 1,080 ಮೀಟರ್, 1.1 ಕಿಮೀ ಅನ್ನಿ. ಪ್ಯಾರಾಚೂಟಿಗೆ ಸ್ವಂತ ವೇಗವೇ ಇಲ್ಲದಿದ್ದರೆ ಗುರಿಯಿಂದ ಸರಿಯಾಗಿ 1.1 ಕಿಮೀ ಪಶ್ಚಿಮದಲ್ಲಿ ಬಿಚ್ಚಬೇಕಿತ್ತು. ಆದರೆ ಅದಕ್ಕೆ ಸೆಕೆಂಡಿಗೆ 10 ಮೀಟರ್ ಓಟ ಇದೆ. ಕೊನೆಯ ಒಂದು ನಿಮಿಷ ಇಳಿಯುವ ಮುಂಚಿನ ಸುತ್ತು ಹಾಕಲು ಮೀಸಲು. ಉಳಿದ ಎರಡು ನಿಮಿಷದಲ್ಲಿ ಆ ಬಿಂದುವಿನಿಂದ ಯಾವ ಕಡೆಗಾದರೂ 1.2 ಕಿಮೀ ತಪ್ಪನ್ನು ಸರಿ ಮಾಡಿಕೊಳ್ಳಬಹುದು. ನಾನು ಅದರ ಅರ್ಧ ಮಾತ್ರ ಖರ್ಚು ಮಾಡುತ್ತೇನೆ, 600 ಮೀಟರ್. ಮುನ್ಸೂಚನೆ ತಪ್ಪಾಗಬಹುದು, ಪ್ಯಾರಾಚೂಟ್ ಬಿಚ್ಚುವುದು ತಡವಾಗಬಹುದು, ಮೀಸಲು ಪ್ಯಾರಾಚೂಟೇ ತೆಗೆಯಬೇಕಾಗಿ ಬರಬಹುದು. ಹಾಗಾಗಿ ಬಿಚ್ಚುವ ಜಾಗ ಗುರಿಯಿಂದ 500 ಮೀಟರ್‌ನಿಂದ 1.7 ಕಿಮೀ ಪಶ್ಚಿಮದ ಒಳಗೆ ಇರಬೇಕು. ಅದಕ್ಕೆ 300 ಸೇರಿಸಿದರೆ ಜಿಗಿಯುವ ಜಾಗ: 800 ಮೀಟರ್‌ನಿಂದ 2 ಕಿಮೀ.

ಒಟ್ಟು 1.2 ಕಿಮೀ ಉದ್ದದ ದಾರಿ. ವಿಮಾನ ಅದನ್ನು ದಾಟುವುದರೊಳಗೆ ಎಲ್ಲರೂ ಹೊರಗೆ ಹೋಗಬೇಕು. ಪೈಲಟ್ ಮುಂದಿನ ಮೀಟರ್ 85 ನಾಟ್ ತೋರಿಸುತ್ತಿದೆ ಅಂದುಕೊಳ್ಳಿ. ಮೇಲೆ ಗಾಳಿ ತೆಳು, ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡ 2ರಷ್ಟು ನಿಜವಾದ ವೇಗ ಜಾಸ್ತಿ, 14,400 ಅಡಿಯಲ್ಲಿ ಸುಮಾರು 110 ನಾಟ್. ಎದುರುಗಾಳಿ 24 ಕಳೆದರೆ ನೆಲದ ಲೆಕ್ಕದ ವೇಗ 86 ನಾಟ್, ಸೆಕೆಂಡಿಗೆ 43 ಮೀಟರ್. 1.2 ಕಿಮೀ ದಾಟಲು 28 ಸೆಕೆಂಡ್. ಗುಂಪು ಗುಂಪಿಗೆ 7 ಸೆಕೆಂಡ್ ಬಿಟ್ಟರೆ ಐದು ಗುಂಪು. ಆರನೇ ಗುಂಪು ಇದ್ದರೆ ವಿಮಾನ ಇನ್ನೊಂದು ಸುತ್ತು ಬರಲಿ. ಇಂಧನದ ದುಡ್ಡಿಗೆ ಗೊಣಗುವವರು ಇರುತ್ತಾರೆ, ಗೊಣಗಲಿ.

ಆ 7 ಸೆಕೆಂಡ್ ಎಲ್ಲಿಂದ ಬಂತು?

ಎರಡು ಸಣ್ಣ ಗುಂಪುಗಳ ನಡುವೆ ಕಡಿಮೆ ಅಂದರೂ 300 ಮೀಟರ್ ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ, ಅಂದರೆ ಸಾವಿರ ಅಡಿ. ಯಾಕೆ ಅಷ್ಟು? ಪ್ಯಾರಾಚೂಟ್ ಬಿಚ್ಚಿದಾಗ ಅದು ಯಾವ ಕಡೆಗೆ ಮುಖ ಮಾಡುತ್ತದೋ ಹೇಳಲಾಗದು. ಇಬ್ಬರೂ ಎದುರುಬದುರಾಗಿ ಬಿಚ್ಚಿಕೊಂಡರೆ ಸೆಕೆಂಡಿಗೆ 10 ಮತ್ತು 10, ಒಟ್ಟು 20 ಮೀಟರ್ ವೇಗದಲ್ಲಿ ಹತ್ತಿರ ಬರುತ್ತಾರೆ. 300 ಮೀಟರ್ ಇದ್ದರೆ 15 ಸೆಕೆಂಡ್ ಸಮಯ. ಪ್ಯಾರಾಚೂಟಿನ ಹಗ್ಗ ಸಿಕ್ಕಿಹಾಕಿಕೊಂಡಿದ್ದರೆ ಆ 15 ಸೆಕೆಂಡ್ ಏನೇನೂ ಅಲ್ಲ. ಗುಂಪು ದೊಡ್ಡದಾದರೆ ಅದರವರೇ ಬಿಚ್ಚುವ ಮುಂಚೆ ಒಬ್ಬರಿಂದೊಬ್ಬರು ದೂರ ಓಡುತ್ತಾರೆ, ಆಗ 450 ಮೀಟರ್ ಇಡಿ.

ದೂರ ಗೊತ್ತಾದ ಮೇಲೆ ನೆಲದ ಲೆಕ್ಕದ ವೇಗದಿಂದ ಭಾಗಿಸಿ. 80 ನಾಟ್ ಇದ್ದರೆ ಏಳೂವರೆ ಸೆಕೆಂಡ್, 60 ಇದ್ದರೆ 10, 50 ಇದ್ದರೆ 12, 40 ಇದ್ದರೆ 15. ಗಾಳಿ ಜೋರಾದಷ್ಟೂ ವಿಮಾನ ನಿಧಾನ, ಕಾಯುವುದು ಜಾಸ್ತಿ. ಪೈಲಟ್ ಮುಂದಿನ ಜಿಪಿಎಸ್‌ನಲ್ಲಿ ಈ ವೇಗ ಇರುತ್ತದೆ, ಕೇಳಲು ನಾಚಿಕೆ ಬೇಡ. ಎಣಿಸಲು ಶುರು ಮಾಡುವುದು ನಿಮಗಿಂತ ಮೊದಲಿನವರು ಬಾಗಿಲು ಬಿಟ್ಟ ಕ್ಷಣದಿಂದ, ಅವರು ಬಾಗಿಲಿಗೆ ಬಂದು ನಿಂತಾಗಿನಿಂದ ಅಲ್ಲ.

ಎಣಿಸುವುದು ಯಾಕೆ, ಮೊದಲು ಜಿಗಿದವರು 45 ಡಿಗ್ರಿ ಕೋನದಲ್ಲಿ ಕಂಡಾಗ ಜಿಗಿದರೆ ಸಾಕು ಅಂತಾರಲ್ಲ?

ಸುಳ್ಳು. ಹಳೆಯ ಸುಳ್ಳು. ನನಗೂ ಒಬ್ಬ ಹಿರಿಯ ಜಿಗಿತಗಾರ ಇದನ್ನೇ ಬಹಳ ವಿಶ್ವಾಸದಿಂದ ಹೇಳಿಕೊಟ್ಟಿದ್ದ. ಒಮ್ಮೆ ಮೇಲೆ ಗಾಳಿ ಜೋರಾಗಿದ್ದ ದಿನ ಬಾಗಿಲಲ್ಲಿ ಬಗ್ಗಿ ನೋಡಿದೆ, ನನಗಿಂತ ಮೊದಲು ಜಿಗಿದ ಜೋಡಿ ನನ್ನ ಕಣ್ಣಿಗೆ 45 ಡಿಗ್ರಿಯಲ್ಲೇ ಕಂಡಿತು, ಹೊರಟೆ. ನಾಲ್ಕು ಸೆಕೆಂಡೂ ಆಗಿರಲಿಲ್ಲವೇನೋ. ಪ್ಯಾರಾಚೂಟ್ ಬಿಚ್ಚಿ ತಲೆ ಎತ್ತಿದರೆ ಎದುರಿಗೇ ಇನ್ನೊಂದು ಹಳದಿ ಪ್ಯಾರಾಚೂಟ್, ಅವನ ಶೂ ಲೇಸ್ ಕಾಣುವಷ್ಟು ಹತ್ತಿರ ಅಂತ ಈಗ ಹೇಳುತ್ತೇನೆ, ಅದು ಸ್ವಲ್ಪ ಉತ್ಪ್ರೇಕ್ಷೆ. ಆದರೆ ಅವನು ಬೈದದ್ದು ಪೂರ್ತಿ ಕೇಳಿಸಿತು. ಇಬ್ಬರೂ ಬಲಕ್ಕೆ ತಿರುಗಿದೆವು, ಬದುಕಿದೆವು. ಕೆಳಗೆ ಇಳಿದ ಮೇಲೆ ಮತ್ತೊಮ್ಮೆ ಬೈಸಿಕೊಂಡೆ.

ಯಾಕೆ ಸುಳ್ಳು ಅಂದರೆ, ವಿಮಾನ ಮತ್ತು ಬೀಳುವವರು ಇಬ್ಬರೂ ಒಂದೇ ಗಾಳಿಯ ಒಳಗಿದ್ದಾರೆ. ಬಾಗಿಲಿನಿಂದ ಕಾಣುವ ಕೋನ ಆ ಗಾಳಿಗೆ ಹೋಲಿಸಿದ್ದು. ನೆಲಕ್ಕೆ ಹೋಲಿಸಿದರೆ ವಿಮಾನ 90 ನಾಟ್‌ನಲ್ಲಿ ಹೋಗುತ್ತಿದೆಯೋ 40ರಲ್ಲೋ ಅನ್ನುವುದು ಆ ಕೋನದಲ್ಲಿ ಕಾಣಿಸುವುದೇ ಇಲ್ಲ. ನಮಗೆ ಬೇಕಾದದ್ದೇ ಅದು! ಷಿಕಾಗೋದ ಪ್ರೊಫೆಸರ್ ಜಾನ್ ಕ್ಯಾಲೆಂಡ್ ಅವರು ಇದನ್ನು ಕಂಪ್ಯೂಟರ್ ಲೆಕ್ಕದಲ್ಲೇ ತೋರಿಸಿದ್ದಾರೆ, ಅವರೂ ಜಿಗಿಯುವವರೇ.

ಯಾರು ಮೊದಲು ಜಿಗಿಯಬೇಕು?

ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೊರದಿಂದ ಒಟ್ಟಿಗೇ ಬಿಟ್ಟರೂ ಕಾಳು ಕಾಲ ಬುಡದಲ್ಲಿ ಬೀಳುತ್ತದೆ, ಹೊಟ್ಟು ತಡವಾಗಿ ಇಳಿದು ದೂರ ಹೋಗುತ್ತದೆ. ಹೊಟ್ಟೆ ಕೆಳಗೆ ಮಾಡಿ ಬೀಳುವವರು ಹೊಟ್ಟು. ತಲೆ ಕೆಳಗೆ ಮಾಡಿಯೋ ಕೂತಂತೆಯೋ ಬೀಳುವವರು ಕಾಳು, ಅವರ ವೇಗ ಗಂಟೆಗೆ 250 ಕಿಮೀ ದಾಟುತ್ತದೆ.

ವಿಮಾನ ಗಾಳಿಗೆ ಎದುರಾಗಿ ಹೋಗುತ್ತಿದೆ. ಕಾಳು ಮೊದಲು ಬಿಟ್ಟು ಹೊಟ್ಟು ಆಮೇಲೆ ಬಿಟ್ಟರೆ, ಹೊಟ್ಟು ಗಾಳಿಯಲ್ಲಿ ಹಿಂದಕ್ಕೆ ಬಂದು ಕಾಳಿನ ತಲೆ ಮೇಲೇ ಇಳಿಯುತ್ತದೆ. ಅದಕ್ಕೇ ನಿಧಾನದವರು ಮೊದಲು, ಅವರಲ್ಲೂ ದೊಡ್ಡ ಗುಂಪು ಮುಂದೆ. ಆಮೇಲೆ ವೇಗದವರು. ಎತ್ತರದಲ್ಲೇ ಪ್ಯಾರಾಚೂಟ್ ಬಿಚ್ಚುವ ವಿದ್ಯಾರ್ಥಿಗಳು, ಟ್ಯಾಂಡಮ್ ಜೋಡಿಗಳು (ತರಬೇತುದಾರರಿಗೆ ಕಟ್ಟಿಕೊಂಡು ಒಂದೇ ಪ್ಯಾರಾಚೂಟಿನಲ್ಲಿ ಇಳಿಯುವವರು) ಅವರ ಹಿಂದೆ. ವಿಂಗ್‌ಸೂಟ್‌ನವರು, ಅಂದರೆ ರೆಕ್ಕೆ ಇರುವ ಉಡುಪು ತೊಟ್ಟವರು, ಎಲ್ಲರಿಗಿಂತ ಕೊನೆ. ವೇಗದವರು ಮೊದಲೇ ಹೋದರೆ ಬೇಗ ಕೆಳಗೆ ಮುಟ್ಟಿ ದಾರಿ ಖಾಲಿ ಮಾಡುತ್ತಾರಲ್ಲ ಅಂತ ವಾದ ಮಾಡುವವರಿದ್ದಾರೆ. ಗಾಳಿಯೇ ಇಲ್ಲದ ದಿನ ಆ ವಾದ ಒಪ್ಪಬಹುದು. ಗಾಳಿ ಇದ್ದ ದಿನ ಅದನ್ನು ಮೊರದಲ್ಲಿ ಹಾಕಿ ತೂರಿ.

ಯಾವ ಕ್ರಮದಲ್ಲಿ ಹೋದರೂ, ಬೀಳುವಾಗ ವಿಮಾನದ ದಾರಿಯ ಉದ್ದಕ್ಕೆ ಜಾರಬೇಡಿ. ಅಡ್ಡಕ್ಕೆ ಹೋಗಿ. ಉದ್ದಕ್ಕೆ ಜಾರಿದರೆ ಬಾಗಿಲಲ್ಲಿ ಎಣಿಸಿದ ಏಳು ಸೆಕೆಂಡ್ ನೀರಿಗೆ ಹೋದಂತೆ.

ಮೇಲಿನ ಗಾಳಿ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಇದ್ದರೆ?

ಮಳೆಗಾಲ ಮುಗಿದ ಮೇಲೆ ನಮ್ಮಲ್ಲಿ ಕೆಳಗೆ ಮೂಡಣ ಗಾಳಿ ಶುರುವಾಗುತ್ತದೆ, ಕೆಲವು ದಿನ ಮೇಲೆ ಪಶ್ಚಿಮದ್ದೇ ಇರುತ್ತದೆ. ಆಗ ಎರಡು ಕೆಲಸ.

ಒಂದು, ಪ್ರತಿ ಪದರದ ತಳ್ಳುವಿಕೆಯನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿ ಕಳೆಯಿರಿ. ಪೂರ್ವಕ್ಕೆ 500 ಹೋಗಿ ಪಶ್ಚಿಮಕ್ಕೆ 700 ಬಂದರೆ ಉಳಿದದ್ದು 200. ದಿಕ್ಕು ಓರೆ ಇದ್ದರೆ ಕಾಗದದ ಮೇಲೆ ಬಾಣ ಬರೆದು ಒಂದರ ತುದಿಗೆ ಇನ್ನೊಂದು ಜೋಡಿಸಿ, ಹೈಸ್ಕೂಲಿನಲ್ಲಿ ಮಾಡಿದ ಹಾಗೆ.

ಎರಡನೆಯದು ಅಂತರದ್ದು, ಇದನ್ನು ಬಹಳ ಜನ ಮರೆಯುತ್ತಾರೆ. ಮೊದಲ ಗುಂಪು ಪ್ಯಾರಾಚೂಟ್ ಬಿಚ್ಚಿ ಕೆಳಗಿನ ಗಾಳಿಯಲ್ಲಿ ತೇಲುತ್ತಿದೆ. ಆ ಗಾಳಿ ಪೂರ್ವದಿಂದ ಬರುತ್ತಿದ್ದರೆ ಅವರನ್ನು ಪಶ್ಚಿಮಕ್ಕೆ ತಳ್ಳುತ್ತದೆ. ಪಶ್ಚಿಮದಲ್ಲಿ ಯಾರಿದ್ದಾರೆ? ಅವರ ನಂತರ ಜಿಗಿದವರು. ಅಂದರೆ ಎರಡು ಗುಂಪಿನ ನಡುವಿನ ದೂರವನ್ನು ಗಾಳಿ ತಿನ್ನುತ್ತಿದೆ. ಹಾಗಾಗಿ ನೆಲದ ಲೆಕ್ಕದ ವೇಗದಿಂದ ಆ ಕೆಳಗಿನ ಗಾಳಿಯನ್ನೂ ಕಳೆಯಿರಿ. ವಿಮಾನ 60 ನಾಟ್, ಕೆಳಗೆ ಎದುರು ದಿಕ್ಕಿನ ಗಾಳಿ 15 ಇದ್ದರೆ ಲೆಕ್ಕಕ್ಕೆ ಸಿಗುವುದು 45. ಹತ್ತು ಸೆಕೆಂಡ್ ಸಾಲದು, 13 ಬೇಕು.

ಮುನ್ಸೂಚನೆ, ಆಪ್ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು?

ಬಣ್ಣದ ಕ್ರೇಪ್ ಕಾಗದದ ಉದ್ದ ಪಟ್ಟಿ, ತುದಿಗೆ ಒಂದು ತೂಕ. ಪ್ಯಾರಾಚೂಟ್ ಬಿಚ್ಚುವ ಎತ್ತರದಲ್ಲಿ ಗುರಿಯ ನೇರ ಮೇಲೆ ಹೋಗಿ ಅದನ್ನು ಬಿಡುತ್ತಿದ್ದರು. ಅದು ಆಗಿನ ದುಂಡು ಪ್ಯಾರಾಚೂಟಿನಷ್ಟೇ ನಿಧಾನವಾಗಿ ಇಳಿಯುತ್ತದೆ. ಗುರಿಯಿಂದ ಎಷ್ಟು ದೂರ ಹೋಗಿ ಬಿತ್ತೋ, ಅಷ್ಟೇ ದೂರ ಗುರಿಯ ಎದುರು ಬದಿಗೆ ಹೋಗಿ ಜಿಗಿಯುವುದು. ಗುಣಾಕಾರ ಇಲ್ಲ, ನಾಟ್ ಇಲ್ಲ, ಎಷ್ಟು ಚೆಂದ ಅಲ್ವಾ? ಇವತ್ತಿಗೂ ಮುನ್ಸೂಚನೆ ಮೇಲೆ ಅನುಮಾನ ಬಂದರೆ ಮೊದಲ ವಿಮಾನದವರು ಎಲ್ಲಿ ಇಳಿದರು ಅಂತ ನೋಡಿ, ಅವರೇ ಕಾಗದದ ಪಟ್ಟಿ.

ದುರ್ಗದ ಬೆಟ್ಟಗಳ ಹತ್ತಿರ ಇಳಿಯೋದು ಹೇಗಿರುತ್ತದೆ?

ನಕ್ಷೆಯ ಮೇಲೆ ಬೇಕಾದರೆ ಇಳಿಯಿರಿ. ಅಡ್ಡ ಇರುವ ವಸ್ತುವಿನ ಹಿಂದೆ, ಅದರ ಎತ್ತರದ ಹತ್ತರಿಂದ ಇಪ್ಪತ್ತು ಪಟ್ಟು ದೂರದವರೆಗೂ ಗಾಳಿ ಕದಡಿರುತ್ತದೆ ಅಂತ ಲೆಕ್ಕ. 10 ಮೀಟರ್ ಮರದ ಹಿಂದೆ 200 ಮೀಟರ್. ಜೋಗಿಮಟ್ಟಿಯಂಥ ಗುಡ್ಡದ ಹಿಂದೆ ಎಷ್ಟು ಅಂತ ನೀವೇ ಗುಣಿಸಿ. ಪಶ್ಚಿಮದ ಗಾಳಿ ಇರುವ ದಿನ ಗುಡ್ಡಗಳ ಪೂರ್ವದ ಮಗ್ಗುಲು ತಣ್ಣಗೆ ಕಾಣಿಸುತ್ತದೆ, ಆದರೆ ಪ್ಯಾರಾಚೂಟ್ ಅಲ್ಲೇ ಮುದುಡುವುದು. ಇನ್ನು ಮಾರ್ಚ್ ಏಪ್ರಿಲ್ ಮಧ್ಯಾಹ್ನ ಬಯಲಲ್ಲಿ ಏಳುವ ಸುಳಿಗಾಳಿ, ದೂಳಿನ ಕಂಬ, ಅದಕ್ಕೆ ಯಾವ ಮುನ್ಸೂಚನೆಯೂ ಇಲ್ಲ. ಬೆಳಿಗ್ಗೆಯೇ ಜಿಗಿದು ಮುಗಿಸುವುದು ಒಳ್ಳೆಯದು. ಮತ್ತೆ, ಚಳ್ಳಕೆರೆ ಕಡೆ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಇದೆ, ಹಾಗಾಗಿ "ಇಲ್ಲೇ ಒಂದು ವಿಮಾನ ತರಿಸೋಣ" ಅನ್ನುವ ಗೆಳೆಯರು ಮೊದಲು ಅನುಮತಿಗಳ ಕಡತ ತರಿಸಲಿ.

ಎಲ್ಲಾ ಲೆಕ್ಕ ಹಾಕಿಯೂ ತಪ್ಪಿದರೆ?

ಬಾಗಿಲಲ್ಲಿ ತಲೆ ಹೊರಗೆ ಹಾಕಿ ನೇರ ಕೆಳಗೆ ನೋಡಿ. ಜಿಗಿಯಬಹುದು ಅನ್ನುವ ಹಸಿರು ದೀಪ ಬಂತು ಅಂತ ಕಣ್ಣು ಮುಚ್ಚಿ ಜಿಗಿಯುವುದಲ್ಲ. ಗುರಿ ಇರಬೇಕಾದ ಕಡೆ ಇಲ್ಲದಿದ್ದರೆ ಹೋಗಬೇಡಿ, ವಿಮಾನ ಇನ್ನೊಂದು ಸುತ್ತು ಬರುತ್ತದೆ.

ಜಿಗಿದ ಮೇಲೆ ಗೊತ್ತಾದರೆ 2,000 ಅಡಿಗೆ ಇಳಿಯುವುದರೊಳಗೆ ತೀರ್ಮಾನ ಮಾಡಿ: ಗುರಿ ಮುಟ್ಟುತ್ತೇನಾ, ಇಲ್ಲವಾ. ಇಲ್ಲ ಅಂದರೆ ಬೇರೆ ಬಯಲು ಹುಡುಕಿ. ದಾವಣಗೆರೆ ಕಡೆಯಾದರೆ ಆಳೆತ್ತರದ ಮೆಕ್ಕೆಜೋಳ, ಅಡಿಕೆ ತೋಟ, ಭದ್ರಾ ನಾಲೆ ಮೂರನ್ನೂ ಬಿಡಿ. ಅದಕ್ಕಿಂತ ಮುಖ್ಯ ಕರೆಂಟ್ ತಂತಿ. ಮೇಲಿನಿಂದ ತಂತಿ ಕಾಣಿಸುವುದಿಲ್ಲ, ಕಂಬಗಳ ಸಾಲು ಕಾಣುತ್ತದೆ. ಗದ್ದೆಯ ಬದುವಿನಲ್ಲಿ, ರಸ್ತೆ ಪಕ್ಕ ತಂತಿ ಇದ್ದೇ ಇರುತ್ತದೆ ಅಂದುಕೊಂಡೇ ಇಳಿಯಿರಿ. ನಾನು ಹಾಗೆ ಒಮ್ಮೆ ಗುರಿಯಿಂದ ಎರಡು ಕಿಮೀ ಆಚೆ ಒಂದು ಉತ್ತ ಹೊಲದಲ್ಲಿ ಇಳಿದು, ಪ್ಯಾರಾಚೂಟ್ ಕಂಕುಳಲ್ಲಿ ಮುದುರಿಕೊಂಡು ವಾಪಸ್ ನಡೆದೆ. ದಾರಿಯಲ್ಲಿ ಲೆಕ್ಕ ಮತ್ತೆ ಮಾಡಿದೆ. ಎತ್ತರವನ್ನು ಸಮುದ್ರ ಮಟ್ಟದಿಂದ ಓದಿದ್ದೆ.